ಗಿಟ್‌ಹಬ್ಬಾ, ಗಿಟ್‌ಲ್ಯಾಬಾ, ಯಾವ್ದು ಸೇಫು?

ಪ್ರಶ್ನೆ: ಸರ್, ನಾನೂ ನನ್ನ ಫ್ರೆಂಡೂ ಸೇರಿ ಹೋಮ್‌ಸ್ಟೇ ಬುಕಿಂಗ್ ಆ್ಯಪ್ ಮಾಡ್ತಿದೀವಿ, ಕೋಡೆಲ್ಲ ಗಿಟ್‌ಹಬ್ ಅನ್ನೋ ಕೋಡ್ ಇಡೋ ಸೈಟ್‌ನಲ್ಲಿ ಪ್ರೈವೇಟ್ ರೆಪೋಲಿದೆ (ನಾವಿಬ್ರೇ ನೋಡೋ ಕೋಡ್ ಫೋಲ್ಡರ್). ಬೆಂಗಳೂರಲ್ಲಿ ಒಂದು ಸರ್ವರ್ ಬಾಡಿಗೆಗೆ ತಗೊಂಡು ಗಿಟ್‌ಲ್ಯಾಬ್ ಅನ್ನೋ ಅಂಥದ್ದೇ ಸಾಫ್ಟ್‌ವೇರ್ ನಾವೇ ಹಾಕ್ಕೊಳ್ಳೋಣ, ಅದೇ ಸೇಫು ಅಂತಾನೆ ಅವನು. ಯಾವ್ದು ಸರಿ?
– ಓದುಗರು, ಗೋಣಿಕೊಪ್ಪ

ಉತ್ತರ: ಬೀಗದ ಕೈ ನಮ್ಮ ಹತ್ರಾನೇ ಇರ್ಲಿ ಅನ್ನೋದು ತಪ್ಪಲ್ಲ, ಆದ್ರೆ ಸ್ವಂತ ಸರ್ವರ್ ಅಂದ್ಮೇಲೆ ಕಾವಲೂ ನಿಮ್ದೇ. 2024ರ ಜನವರಿಲಿ ಗಿಟ್‌ಲ್ಯಾಬ್‌ನಲ್ಲಿ ಒಂದು ತೂತು ಹೊರಗೆ ಬಂತು, ಪಾಸ್‌ವರ್ಡ್ ರೀಸೆಟ್ ಮೇಲ್ ಬೇರೆ ಯಾರದೋ ಅಡ್ರೆಸ್ಸಿಗೂ ಹೋಗೋ ಹಾಗಿತ್ತು, ಅಪಾಯದ ಲೆಕ್ಕದಲ್ಲಿ 10ಕ್ಕೆ 10. ಕಂಪನಿ ತನ್ನ ಸೈಟನ್ನ ತಾನೇ ಸರಿ ಮಾಡ್ಕೊಂಡಿತ್ತು, ಸ್ವಂತ ಸರ್ವರಿನವರು ತಾವೇ ಕೂತು ಅಪ್‌ಡೇಟ್ ಹಾಕ್ಬೇಕಾಯ್ತು. ಅಂಥದ್ದೇ ಒಂದು ಜುಲೈಲಿ ಬಂದ್ರೆ? ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಟವರೂ ಸತ್ತಿದೆ, ನೀವು ತೋಟದ ಮನೇಲಿ, ಸರ್ವರ್ ಮಾತ್ರ ಬೆಂಗಳೂರಲ್ಲಿ ಬಾಗ್ಲು ತೆಕ್ಕೊಂಡು ಓಡ್ತಾ ಇರುತ್ತೆ. ಅದಕ್ಕೇ ನೀವು ಗಿಟ್‌ಹಬ್‌ನಲ್ಲೇ ಇರಿ ಅಂತೀನಿ.

ಹಂಗಂತ ಗಿಟ್‌ಹಬ್‌ನಲ್ಲಿ ಏನೂ ಆಗಿಲ್ಲ ಅಂತಲ್ಲ, 2023ರ ಮಾರ್ಚಲ್ಲಿ ಅವರದೇ ಎಸ್‌ಎಸ್‌ಎಚ್ ಕೀ (ಇದು ಅಸಲಿ ಗಿಟ್‌ಹಬ್ಬೇ ಅಂತ ತೋರಿಸೋ ಗುಟ್ಟಿನ ಕೋಡ್) ಒಂದು ಪಬ್ಲಿಕ್ ರೆಪೋಲಿ ಸ್ವಲ್ಪ ಹೊತ್ತು ಕಾಣ್ತಿತ್ತು, ಬದಲಾಯಿಸಿದ್ರು. ಇನ್ನೊಂದು, ಪಬ್ಲಿಕ್ ರೆಪೋಗೆ ಕೀ (ಬೇರೆ ಸೇವೆಗಳಿಗೆ ಪಾಸ್‌ವರ್ಡ್ ಥರದ ಗುಟ್ಟಿನ ಕೋಡ್) ಪುಶ್ ಮಾಡೋಕೆ, ಅಂದ್ರೆ ಕಳಿಸೋಕೆ, ಹೋದ್ರೆ ಗಿಟ್‌ಹಬ್ ಫ್ರೀಯಾಗೇ ತಡೆಯುತ್ತೆ, ನಿಮ್ಮ ಥರ ಪ್ರೈವೇಟ್ ರೆಪೋಗೆ ಅದು ಬೇಕಂದ್ರೆ ದುಡ್ಡು ಕೊಡ್ಬೇಕು. ಗಿಟ್‌ಲ್ಯಾಬ್‌ನಲ್ಲಿ ಪ್ರೈವೇಟಿಗೂ ಕೀ ಹುಡುಕೋ ಫ್ರೀ ಸ್ಕ್ಯಾನ್ ಇದೆ, ಆದ್ರೆ ಪುಶ್ ಆದ್ಮೇಲೆ ಹೇಳುತ್ತೆ.

ನನಗೆ ಜಾಸ್ತಿ ಭಯ ಆಗೋದು ಈ ಕೀಗಳ ವಿಷಯಕ್ಕೇನೇ. ಹೋದ ವರ್ಷ ಒಬ್ಬ ಹುಡುಗ ತನ್ನ ಕೋಡ್ ತೋರಿಸ್ದ, ಪೇಮೆಂಟ್ ಕೀ ಇದ್ದ ಇಎನ್‌ವಿ ಫೈಲ್ (ಆ್ಯಪ್‌ನ ಸೆಟ್ಟಿಂಗ್, ಕೀ ಎಲ್ಲ ಇಡೋ ಫೈಲು) ಡಿಲೀಟ್ ಮಾಡಿದೀನಿ ಅಂದ, ಹಳೇ ಕಮಿಟ್ (ಹಿಂದೆ ಉಳಿಸಿಟ್ಟ ಕೋಡ್‌ನ ರೂಪ) ಒಂದನ್ನ ತೆಗೆದು ನೋಡಿದ್ರೆ ಕೀ ಪೂರ್ತಿ ಅಲ್ಲೇ ಕೂತಿತ್ತು. ಫೈಲ್ ಅಳಿಸಿದ್ರೆ ಹಿಸ್ಟರಿ ಅಳಿಯಲ್ಲ, ಕೀನೇ ರದ್ದು ಮಾಡಿ ಹೊಸದು ತಗೋಬೇಕು. ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಪುರಾವೆ ಕೇಳೋದು) ಇಬ್ಬರೂ ಇವತ್ತೇ ಆನ್ ಮಾಡಿ, ಆ ಜನವರಿ ತೂತಲ್ಲಿ ಕೂಡ ಅದಿದ್ದವರ ಪಾಸ್‌ವರ್ಡನ್ನ ಕಳ್ಳ ಬದಲಾಯಿಸ್ಬೋದಿತ್ತು, ಒಳಗೆ ಬರೋಕೆ ಆಗ್ತಿರ್ಲಿಲ್ಲ.

ಆಮೇಲೆ ಟೆಸ್ಟಿಂಗ್‌ಗೆ ಅಂತ ಗೆಸ್ಟ್‌ಗಳ ಆಧಾರ್ ಫೋಟೋ ಏನಾದ್ರೂ ರೆಪೋಲಿ ಹಾಕಿದೀರಾ, ಇವತ್ತು ರಾತ್ರೀನೇ ಹುಡುಕಿ. ಇದ್ರೆ ಹಿಸ್ಟರಿಯಿಂದಾನೇ ತೆಗೆಸಿ, ಪೇಮೆಂಟ್ ಕೀ ಥರ ಅದನ್ನ ರದ್ದು ಮಾಡಿ ಹೊಸದು ತಗೊಳ್ಳೋಕಾಗಲ್ಲ.