ಲೈಬ್ರರಿಗೆ ತಾಳೆಯಾದರೆ ಸಾಕೇ?

ಪ್ರಶ್ನೆ: ಎನ್‌ಡಿಪಿಎಸ್ (ಮಾದಕವಸ್ತು ಕಾಯ್ದೆ) ಪ್ರಕರಣವೊಂದರ ಬಿಳಿ ಪುಡಿಗೆ ಸ್ಥಳದಲ್ಲೇ ಮಾರ್ಕ್ವಿಸ್ ಪರೀಕ್ಷೆ ಮಾಡಿದರೆ ಬಣ್ಣವೇ ಬರಲಿಲ್ಲವಂತೆ. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಮಾತ್ರ ಜಿಸಿ-ಎಂಎಸ್ ಯಂತ್ರದ ಆಧಾರದಲ್ಲಿ ‘ಮೆಫೆಡ್ರೋನ್’ ಎಂಬ ಮಾದಕವಸ್ತು ಎನ್ನುತ್ತದೆ. ಯಾವುದನ್ನು ನಂಬುವುದು?
– ಕಿರಿಯ ವಕೀಲರು, ಹುಬ್ಬಳ್ಳಿ

ಉತ್ತರ: ಇವೆರಡಕ್ಕೂ ವಿರೋಧವಿಲ್ಲ. ಗಂಧಕಾಮ್ಲ ಮತ್ತು ಫಾರ್ಮಾಲ್ಡಿಹೈಡ್ ಬೆರೆತ ಮಾರ್ಕ್ವಿಸ್ ದ್ರಾವಣ ಎಂಡಿಎಂಎ ಎಂಬ ಮಾದಕವಸ್ತುವಿಗೆ ನೇರಳೆ-ಕಪ್ಪು ಬಣ್ಣ ಕೊಡುತ್ತದೆ, ಮೆಫೆಡ್ರೋನ್‌ಗೆ ಸಾಮಾನ್ಯವಾಗಿ ಏನೂ ತೋರಿಸುವುದಿಲ್ಲ. ಅದಕ್ಕೆ ಲೀಬರ್‌ಮನ್ ದ್ರಾವಣ ಬೇಕು, ಹಳದಿ ಬರುತ್ತದೆ. ಆದರೂ ಬಣ್ಣದಿಂದ ಸಂಶಯಪಡಬಹುದೇ ಹೊರತು ಗುರುತು ಹೇಳಲಾಗದು.

ಕೆದಕಬೇಕಾದ್ದು ಜಿಸಿ-ಎಂಎಸ್ ಹಾಳೆಗಳನ್ನು. ಈ ಯಂತ್ರ ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ, ಅಣುಗಳನ್ನು ಒಡೆದು, ಚೂರುಗಳ ತೂಕವನ್ನು ಗೆರೆಗಳಾಗಿ ತೋರಿಸುತ್ತದೆ. ಮೆಫೆಡ್ರೋನ್ ಅಂದರೆ 4-ಎಂಎಂಸಿ (ಮೀಥೈಲ್‌ಮೆಥ್‌ಕ್ಯಾಥಿನೋನ್), ಬೆಂಜೀನ್ ಉಂಗುರದ ನಾಲ್ಕನೇ ಸ್ಥಾನದಲ್ಲಿ ಮೀಥೈಲ್ ಗುಂಪಿರುವ ಅಣು. ಅದೇ ಮೀಥೈಲ್ ಎರಡನೇ ಅಥವಾ ಮೂರನೇ ಸ್ಥಾನಕ್ಕೆ ಸರಿದರೆ 2-ಎಂಎಂಸಿ, 3-ಎಂಎಂಸಿ. 70 ಇಲೆಕ್ಟ್ರಾನ್ ವೋಲ್ಟ್‌ನಲ್ಲಿ ಒಡೆದಾಗ ಮೂರರಲ್ಲೂ 58ರ ಗೆರೆಯೇ ಅತಿ ಎತ್ತರ. ಜೊತೆಗೆ 119, 91. ಅಣುವಿನದೇ ಗೆರೆಯಾದ 177 ಕಾಣುವುದೇ ಕಷ್ಟ. ಹೀಗಾಗಿ ಯಂತ್ರದ ಲೈಬ್ರರಿಯಲ್ಲಿ (ತಿಳಿದ ವಸ್ತುಗಳ ಗೆರೆಚಿತ್ರಗಳ ಸಂಗ್ರಹ) ಹುಡುಕಿದಾಗ ಶೇ 95ರ ಹೊಂದಿಕೆ ಬಂದರೂ ಅದು ಮೂರರಲ್ಲಿ ಯಾವುದೂ ಆಗಿರಬಹುದು. ಕಂಪ್ಯೂಟರ್ ಮೊದಲು ತೋರಿಸಿದ ಹೆಸರನ್ನೇ ವರದಿಗೆ ಇಳಿಸುವುದು ನಮ್ಮ ದೃಷ್ಟಿಯಲ್ಲಿ ಗುರುತಿಸುವಿಕೆಯೇ ಅಲ್ಲ. ಇದು ಬರೀ ರಸಾಯನಶಾಸ್ತ್ರದ ತಕರಾರೂ ಅಲ್ಲ: ವಿಶ್ವಸಂಸ್ಥೆ 4-ಎಂಎಂಸಿಯನ್ನು ನಿಯಂತ್ರಣ ಪಟ್ಟಿಗೆ ಸೇರಿಸಿದ್ದು 2015ರಲ್ಲಿ, 3-ಎಂಎಂಸಿಯನ್ನು ಪ್ರತ್ಯೇಕವಾಗಿ 2023ರಲ್ಲಿ.

ಅಣುವಿನ ತೂಕವನ್ನು ಅತಿ ನಿಖರವಾಗಿ ಅಳೆಯುವ ದುಬಾರಿ ಕ್ಯೂ-ಟಾಫ್ ಯಂತ್ರವೂ ಇಲ್ಲಿ ಕೈಕೊಡುತ್ತದೆ. ಅದು ಒಂದು ಪ್ರೋಟಾನ್ ಸೇರಿದ ಅಣುವನ್ನು 178.1226 ಎಂದು ಅಳೆದು C11H15NO ಸೂತ್ರ ಕೊಡುತ್ತದೆ. ಮೂರೂ ಎಂಎಂಸಿಗಳದ್ದು, ಅಷ್ಟೇಕೆ ಬ್ಯುಫೆಡ್ರೋನ್ ಎಂಬ ಇನ್ನೊಂದು ಮಾದಕವಸ್ತುವಿನದ್ದೂ ಅದೇ ಸೂತ್ರ. ಬ್ಯುಫೆಡ್ರೋನ್ ಜಿಸಿ-ಎಂಎಸ್‌ನಲ್ಲಿ 72ರ ಗೆರೆಯಿಂದ ಸಿಕ್ಕಿಬೀಳುತ್ತದೆ, ಎಂಎಂಸಿಗಳು ಸಿಕ್ಕಿಬೀಳುವುದಿಲ್ಲ.

ಬಿಡಿಸುವ ದಾರಿಗಳಿವೆ. ಮೂರರ ಪ್ರಮಾಣಿತ ಮಾದರಿಗಳನ್ನೂ ಅದೇ ದಿನ, ಅದೇ ಕಾಲಮ್‌ನಲ್ಲಿ (ವಸ್ತುಗಳನ್ನು ಬೇರ್ಪಡಿಸುವ ಕೊಳವೆ) ಓಡಿಸಿ ಹೊರಬರುವ ಸಮಯ ಹೋಲಿಸಬೇಕು. ಉಷ್ಣತೆಯನ್ನು ಬೇಗ ಏರಿಸಿದರೆ ಗೆರೆಗಳು ಒಂದರ ಮೇಲೊಂದು ಕೂರುತ್ತವೆ, ನಿಧಾನವಾಗಿ ಏರಿಸಬೇಕು. ಇಂಜೆಕ್ಟರ್ (ಮಾದರಿ ಹಾಕುವ ಭಾಗ) ವಿಪರೀತ ಬಿಸಿಯಾಗಿದ್ದರೆ ಅಥವಾ ಅದರೊಳಗಿನ ಲೈನರ್ ಕೊಳವೆ ಕೊಳೆಯಾಗಿದ್ದರೆ ಮೆಫೆಡ್ರೋನ್‌ನಂಥ ಕ್ಯಾಥಿನೋನ್‌ಗಳು ಅಲ್ಲೇ ಒಡೆದು, ಮಾದರಿಯಲ್ಲಿ ಇಲ್ಲದ ಗೆರೆಗಳು ಮೂಡುತ್ತವೆ. ಎಫ್‌ಟಿಐಆರ್ ಎಂಬ ಅವಗೆಂಪು ಕಿರಣದ ಪರೀಕ್ಷೆ ಸ್ಥಾನಭೇದವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಕೆಫೀನೋ ಸಕ್ಕರೆಯೋ ಬೆರೆತಿದ್ದರೆ ಮೊದಲು ಬೇರ್ಪಡಿಸಬೇಕು. ಕ್ಷಾರ ಹಾಕಿ ದ್ರಾವಕಕ್ಕೆ ಎಳೆದ ಮೇಲೆ ಹೊತ್ತು ಕಳೆಯುವಂತಿಲ್ಲ; ಲವಣರೂಪ ಬಿಟ್ಟ ಕ್ಯಾಥಿನೋನ್ ಬೇಗ ಕೆಡುತ್ತದೆ.

ಪ್ರಮಾಣಿತ ಮಾದರಿಯೇ ಸಿಗದಷ್ಟು ಹೊಸ ವಸ್ತುವಾದರೆ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ಓದುವ ವಿಧಾನ) ಒಂದೇ ಗಟ್ಟಿ ಆಸರೆ. 5ರಿಂದ 10 ಮಿಲಿಗ್ರಾಂ ಪುಡಿಯನ್ನು ಸುಮಾರು 0.6 ಮಿ.ಲೀ. ಭಾರಜಲದಲ್ಲಿ ಕರಗಿಸಿದರೆ ಸಾಕು. ಮೀಥೈಲ್ ನಾಲ್ಕನೇ ಸ್ಥಾನದಲ್ಲಿದ್ದರೆ ಉಂಗುರದ ಹೈಡ್ರೋಜನ್‌ಗಳು ಎರಡೆರಡಾಗಿ ಎರಡು ಅಚ್ಚುಕಟ್ಟಾದ ಜೋಡಿಗೆರೆ ಕೊಡುತ್ತವೆ. ಬೇರೆ ಸ್ಥಾನವಾದರೆ ಚಿತ್ರ ಕಲಸಿಕೊಳ್ಳುತ್ತದೆ.

ನೀವು ಕೇಳಬೇಕಾದ ಕಾಗದಗಳು: ಮಾದರಿಗೆ ಮುಂಚೆ ಓಡಿಸಿದ ಖಾಲಿ ದ್ರಾವಕದ ಹಾಳೆ, ಪ್ರಮಾಣಿತ ಮಾದರಿಯ ಹಾಳೆ, ಅದರ ಪ್ರಮಾಣಪತ್ರ, ಮತ್ತು ಎರಡನೇ ಸ್ವತಂತ್ರ ವಿಧಾನದ ಫಲಿತಾಂಶ. ಸ್ಥಾನ ಬಿಡಿಸದ ಪ್ರಯೋಗಾಲಯ ‘ಮೀಥೈಲ್‌ಮೆಥ್‌ಕ್ಯಾಥಿನೋನ್, ಮೀಥೈಲ್ ಸ್ಥಾನ ನಿರ್ಧರಿಸಿಲ್ಲ’ ಎಂದು ಬರೆಯಬೇಕಿತ್ತು. ನಿಮ್ಮ ವರದಿಯಲ್ಲಿ ಆ ಸಾಲೂ ಇಲ್ಲ, ಎರಡನೇ ವಿಧಾನವೂ ಇಲ್ಲ ಎಂದಾದರೆ ಪಾಟೀಸವಾಲು ಅಲ್ಲಿಂದಲೇ ಶುರುವಾಗಲಿ.