ಕೀಬೋರ್ಡ್ ಸಾಫ್ಟ್‌ವೇರಿನೊಳಗೆ ಕೂತಿದ್ದ ಕಳ್ಳ

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ಬಿಡುವಾದಾಗ ರಾಜಕೀಯದ ಬಗ್ಗೆ ಬ್ಲಾಗ್ ಬರೆಯುತ್ತೇನೆ. ವಿಯೆಟ್ನಾಂನಲ್ಲಿ ಸರ್ಕಾರವೇ ಟೈಪಿಂಗ್ ಸಾಫ್ಟ್‌ವೇರಿಗೆ ವೈರಸ್ ಸೇರಿಸಿ ಬ್ಲಾಗರ್‌ಗಳನ್ನು ಹ್ಯಾಕ್ ಮಾಡಿತ್ತು ಎಂದು ಗೆಳೆಯರೊಬ್ಬರು ಹೇಳಿದರು. ನಿಜವೇ? ಸರ್ಕಾರದ್ದೇ ಕೈವಾಡ ಅಂತ ಹೇಗೆ ಗೊತ್ತಾಗುತ್ತದೆ? ಕನ್ನಡ ಟೈಪ್ ಮಾಡಲು ನಾನು ನುಡಿ, ಬರಹ ಎರಡನ್ನೂ ಬಳಸುತ್ತೇನೆ. ಹೆದರಬೇಕಾ?
— ಓದುಗರು, ತುಮಕೂರು

ಉತ್ತರ: ಸಾಫ್ಟ್‌ವೇರಿನ ಕತೆ ನಿಜ ಮೇಷ್ಟ್ರೇ. ‘ಸರ್ಕಾರವೇ’ ಅನ್ನುವುದು ಮಾತ್ರ ಇವತ್ತಿಗೂ ಅನುಮಾನವೇ. ಬಲವಾದ ಅನುಮಾನ.

ವಿಯೆಟ್ನಾಮಿಗರು ಬರೆಯುವುದು ರೋಮನ್ ಅಕ್ಷರದಲ್ಲಿ. ಆದರೆ ಸ್ವರಗಳ ಮೇಲೆ ಕೆಳಗೆ ಒಂದಷ್ಟು ಚಿಹ್ನೆ ಬರುತ್ತವೆ. ನಮಗೆ ನುಡಿ ಬೇಕಾದ ಹಾಗೆ ಅವರಿಗೂ ಟೈಪಿಂಗ್ ಸಾಫ್ಟ್‌ವೇರ್ ಬೇಕು. ಅಂಥದ್ದೊಂದು ವಿಪಿಎಸ್‌ಕೀಸ್. ಹೊರದೇಶದಲ್ಲಿರುವ ವಿಯೆಟ್ನಾಮಿಗರ ಸಂಘವೊಂದು ಅದನ್ನು ತನ್ನ ವೆಬ್‌ಸೈಟಿನಲ್ಲಿ ಕೊಡುತ್ತಿತ್ತು. 2009ರ ಕೊನೆಯ ಹೊತ್ತಿಗೆ ಯಾರೋ ಆ ಸೈಟಿಗೇ ನುಗ್ಗಿ, ಅಸಲಿ ಫೈಲ್ ತೆಗೆದು ನಕಲಿ ಇಟ್ಟರು. ‘ಸರಿಯಾದ ಜಾಗದಿಂದಲೇ ಡೌನ್‌ಲೋಡ್ ಮಾಡಿ’ ಎಂದು ನಾವೆಲ್ಲ ಹೇಳುತ್ತಿರುತ್ತೇವಲ್ಲ, ಅಲ್ಲಿ ಹಾಗೆ ಮಾಡಿದವರೇ ಸಿಕ್ಕಿಬಿದ್ದರು.

2010ರ ಮಾರ್ಚ್ ಕೊನೆಯಲ್ಲಿ ಗೂಗಲ್ ಮತ್ತು ಆಂಟಿವೈರಸ್ ಕಂಪನಿ ಮ್ಯಾಕಫಿ ಇದನ್ನು ಬಯಲಿಗೆ ತಂದವು. ಹತ್ತಾರು ಸಾವಿರ ಜನರ ಕಂಪ್ಯೂಟರ್‌ಗೆ ಸೋಂಕು ತಗುಲಿರಬಹುದು ಎಂದು ಗೂಗಲ್ ಹೇಳಿತು. ಆ ಕಂಪ್ಯೂಟರ್‌ಗಳಿಂದ ಎರಡು ಕೆಲಸ ನಡೆಯುತ್ತಿತ್ತು. ಒಂದು, ಮಾಲೀಕರ ಮೇಲೆ ಬೇಹುಗಾರಿಕೆ. ಇನ್ನೊಂದು, ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೆ ಒಂದು ಬ್ಲಾಗಿನ ಮೇಲೆ ಮುಗಿಬಿದ್ದು ಅದನ್ನು ಮಲಗಿಸುವುದು. ಸಂತೆಯ ಜನವೆಲ್ಲ ಒಂದೇ ಅಂಗಡಿಗೆ ನುಗ್ಗಿದರೆ ನಿಜವಾದ ಗಿರಾಕಿ ಒಳಗೆ ಹೋಗಲಾಗುತ್ತದೆಯೇ, ಹಾಗೆ.

ಯಾವ ಬ್ಲಾಗುಗಳು? ಮಧ್ಯ ವಿಯೆಟ್ನಾಂನ ಗುಡ್ಡಗಾಡಿನಲ್ಲಿ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಗಣಿಗಾರಿಕೆ ಬೇಡ ಎಂದು ಬರೆಯುತ್ತಿದ್ದವು. ಆ ಯೋಜನೆಯಲ್ಲಿ ಚೀನಾ ಕಂಪನಿಯೂ ಇತ್ತು. ಫ್ರೆಂಚರನ್ನು ಸೋಲಿಸಿದ ಜನರಲ್ ವೋ ನ್ಗುಯೆನ್ ಜ್ಯಾಪ್ ಅವರೇ ವಿರೋಧಿಸಿ ಪತ್ರ ಬರೆದಿದ್ದರು ಅಂದಮೇಲೆ ಬಿಸಿ ಎಷ್ಟಿತ್ತೆಂದು ನೋಡಿ.

ಇನ್ನು ಕೈವಾಡದ ವಿಷಯ. ಸೋಂಕಿತ ಕಂಪ್ಯೂಟರ್‌ಗಳಿಗೆ ಆಜ್ಞೆ ಕೊಡುವ ಸರ್ವರ್‌ಗಳಿರುತ್ತವೆ. ಅವಕ್ಕೆ ಯಾರು ಲಾಗಿನ್ ಆಗುತ್ತಿದ್ದಾರೆ ಎಂದು ಹುಡುಕಿದರೆ, ಹೆಚ್ಚಿನವು ವಿಯೆಟ್ನಾಂನೊಳಗಿನ ಐಪಿ ವಿಳಾಸಗಳು, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ನಂಬರ್‌ಗಳು. ಆದರೆ ಐಪಿ ಅಂದರೆ ಬೆರಳಚ್ಚಲ್ಲ. ಸೈಬರ್ ಕೆಫೆಯದೂ ಆಗಿರಬಹುದು, ಇನ್ಯಾರದೋ ಹ್ಯಾಕ್ ಆದ ಕಂಪ್ಯೂಟರಿನದೂ ಆಗಿರಬಹುದು. ನನಗೆ ಅದಕ್ಕಿಂತ ಜಾಸ್ತಿ ತೂಕದ್ದು ಅನಿಸುವುದು ಗುರಿ. ಸುಮ್ನೆ ದುಡ್ಡಿಗಾಗಿ ಬಂದ ಕಳ್ಳನಿಗೆ ಬಾಕ್ಸೈಟ್ ಗೊಡವೆ ಯಾಕೆ? ಇಷ್ಟಾದರೂ ಮ್ಯಾಕಫಿ ಬರೆದದ್ದು, ದಾಳಿಕೋರರಿಗೆ ವಿಯೆಟ್ನಾಂ ಸರ್ಕಾರದ ಬಗ್ಗೆ ನಿಷ್ಠೆ ‘ಇರಬಹುದು’ ಎಂದಷ್ಟೇ. ಸರ್ಕಾರ ಇದಕ್ಕೆ ಆಧಾರವಿಲ್ಲ ಎಂದಿತು.

ತಮಾಷೆಯೆಂದರೆ, ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಹಿರಿಯ ಪೊಲೀಸ್ ಜನರಲ್ ಒಬ್ಬರು ತಮ್ಮ ತಾಂತ್ರಿಕ ವಿಭಾಗ 300 ‘ಕೆಟ್ಟ’ ವೆಬ್‌ಸೈಟು, ಬ್ಲಾಗುಗಳನ್ನು ನಾಶಮಾಡಿದೆ ಎಂದು ಹೇಳಿಕೊಂಡ ವರದಿ ಬಂತು! ಅದು ಕೀಬೋರ್ಡ್ ದಾಳಿಯ ತಪ್ಪೊಪ್ಪಿಗೆ ಅಲ್ಲ, ನಿಜ. ಆದರೆ ಅನುಮಾನ ಪಡುವವರನ್ನು ಬೈಯುವುದು ಕಷ್ಟ, ಅಲ್ವಾ?

2020ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಯೆಟ್ನಾಂನ ಹೋರಾಟಗಾರರನ್ನು ಗುರಿಮಾಡುತ್ತಿದ್ದ ‘ಓಷನ್ ಲೋಟಸ್’ ಎಂಬ ಹ್ಯಾಕರ್ ಗುಂಪಿಗೂ ಹೋ ಚಿ ಮಿನ್ ಸಿಟಿಯ ಐಟಿ ಕಂಪನಿಯೊಂದಕ್ಕೂ ನಂಟಿದೆ ಎಂದಿತು. ಕಂಪನಿ ನಿರಾಕರಿಸಿತು. ಸರ್ಕಾರದ ಬಾಗಿಲವರೆಗೆ ಹೋದ ಜಾಡು ಅಲ್ಲೇ ನಿಲ್ಲುತ್ತದೆ. ಇಂಥ ಕೆಲಸವನ್ನು ಹೊರಗಿನವರಿಗೆ ಕೊಟ್ಟಿದ್ದರೆ ಅದಕ್ಕೆ ರಸೀದಿ ಎಲ್ಲಿ ಸಿಗುತ್ತದೆ, ಹೇಳಿ.

ನಿಮ್ಮ ನುಡಿ, ಬರಹದಲ್ಲಿ ಹೀಗಾಗಿದೆ ಎನ್ನಲು ಯಾವ ಆಧಾರವೂ ಇಲ್ಲ. ಗೆಳೆಯರ ಪೆನ್‌ಡ್ರೈವಿನಿಂದ ಹಾಕಿಕೊಂಡಿದ್ದರೆ ಮಾತ್ರ ತೆಗೆದು ಹೊಸದಾಗಿ ಹಾಕಿ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಅದರಲ್ಲೇ ಕೆಲಸ ನಡೆದರೆ ಇನ್ನೂ ಒಳ್ಳೆಯದು. ನಾನಾದರೆ ಇಮೇಲ್‌ಗೇ ಜಾಸ್ತಿ ಹೆದರುತ್ತೇನೆ. 2013ರ ಕೊನೆಯಲ್ಲಿ ವಿಯೆಟ್ನಾಂ ಬ್ಲಾಗರ್‌ಗಳ ಪರ ನಿಂತಿದ್ದ ಅಮೆರಿಕದ ಇಎಫ್‌ಎಫ್ (ಇಂಟರ್ನೆಟ್ ಬಳಸುವವರ ಹಕ್ಕಿಗಾಗಿ ಹೋರಾಡುವ) ಸಂಸ್ಥೆಯವರಿಗೆ ‘ಆಂಡ್ರ್ಯೂ ಆಕ್ಸ್‌ಫ್ಯಾಮ್’ ಹೆಸರಿನಲ್ಲಿ ಸಮ್ಮೇಳನದ ಆಹ್ವಾನ ಬಂದಿತ್ತು. ಜೊತೆಯಲ್ಲಿದ್ದದ್ದು ಕಳ್ಳ ಫೈಲ್. ನಿಮಗೂ ವಿಚಾರಗೋಷ್ಠಿಯ ಕರೆ ಬಂದರೆ, ಫೈಲ್ ತೆರೆಯುವ ಮುಂಚೆ ಕರೆದವರಿಗೆ ಒಂದು ಫೋನ್ ಮಾಡಿ.