ಪಿಯುಸಿ ಆದಮೇಲೆ ಫೊರೆನ್ಸಿಕ್ ಸೈನ್ಸ್ ಓದಬಹುದಾ? ಕೆಲಸ ಸಿಗುತ್ತಾ?

ನೀವು ಕೇಳಿದ್ದು ಇಷ್ಟು. ಚಿತ್ತಾಪುರ ತಾಲ್ಲೂಕಿನವರು, ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ತಗೊಂಡು ದ್ವಿತೀಯ ಪಿಯುಸಿ ಮುಗಿಸಿದ್ದೀರಿ, ನೀಟ್‌ನಲ್ಲಿ ಸೀಟು ಬರುವ ಹಾಗಿಲ್ಲ, ಫೊರೆನ್ಸಿಕ್ ಸೈನ್ಸ್, ಅಂದರೆ ಅಪರಾಧದ ಸಾಕ್ಷ್ಯ ಪರೀಕ್ಷಿಸುವ ವಿಜ್ಞಾನ, ಓದುವ ಆಸೆ ಇದೆ. ಅಪ್ಪಾಜಿ "ಅದನ್ನ ಓದಿದ್ರ ಕೆಲಸ ಎಲ್ಲದ?" ಅಂತಾರೆ. ಅವ್ವನಿಗೆ ಹೆಣ್ಣುಮಗಳು ದಿನಾ ಹೆಣ ನೋಡಬೇಕಲ್ಲ ಅನ್ನುವ ಚಿಂತೆ. ಊರು ಬಿಡಲೇಬೇಕಾ ಅಂತಲೂ ಕೇಳಿದ್ದೀರಿ.

ಓದಿ. ಆದರೆ ಡಿಗ್ರಿಯಲ್ಲೇ ಫೊರೆನ್ಸಿಕ್ ಅಂತ ಹೆಸರಿರುವ ಕೋರ್ಸ್ ತಗೋಬೇಕು ಅಂತೇನಿಲ್ಲ. ನಾನು ಕಲಬುರಗಿಯಲ್ಲೇ ಸಿಬಿಝೆಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಬಿ.ಎಸ್ಸಿ. ಮಾಡಿದೆ, ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದಲ್ಲಿ (ಫೊರೆನ್ಸಿಕ್ ಸೈನ್ಸ್‌ನ ಕನ್ನಡ ಹೆಸರು ಇದೇ) ಪಿಜಿ ಮುಗಿಸಿದೆ. ಈಗ ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಜೂನ್ ಬಂದರೆ ಯಾರಾದರೂ ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಅವ್ವನ ಚಿಂತೆ. ಪೋಸ್ಟ್‌ಮಾರ್ಟಂ ಮಾಡುವವರು ಡಾಕ್ಟರು. ಎಂಬಿಬಿಎಸ್ ಮುಗಿಸಿ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡಿದವರು ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂಥ ಮೆಡಿಕಲ್ ಕಾಲೇಜಿನಲ್ಲಿ ಇರುತ್ತಾರೆ, ಶವಾಗಾರ ಅವರ ಕೆಲಸದ ಜಾಗ. ಫೊರೆನ್ಸಿಕ್ ಸೈನ್ಸ್ ಓದಿದವರ ಮುಂದೆ ಬರುವುದು ಬಾಟಲಿ, ಬಟ್ಟೆ, ಕಾಗದ, ಮೊಬೈಲು, ಗುಂಡಿನ ಖಾಲಿ ಕೋಶ. ಘಟನಾ ಸ್ಥಳಕ್ಕೆ ಹೋಗುವ ಕೆಲಸ ಹಿಡಿದರೆ ಮಾತ್ರ ಶವ ನೋಡಬೇಕಾಗುತ್ತದೆ. ಅದನ್ನು ಮುಚ್ಚಿಡದೆ ಅವ್ವನಿಗೆ ಈಗಲೇ ಹೇಳಿಬಿಡಿ.

ಬಾಟಲಿಯ ವಿಷಯ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಈ ಓದು ಏನು ಅಂತ ಅದರಲ್ಲೇ ಗೊತ್ತಾಗುತ್ತದೆ. ನಮ್ಮ ಕಡೆ ತೊಗರಿಗೆ, ಹತ್ತಿಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಕುಡಿದು ಸತ್ತ ಕೇಸು ನಿಮ್ಮ ಊರಲ್ಲೂ ಕೇಳಿರುತ್ತೀರಿ. ಅಂಥ ಕೇಸಿನಲ್ಲಿ ಡಾಕ್ಟರು ಹೊಟ್ಟೆ, ಅದರೊಳಗಿದ್ದದ್ದು, ಸಣ್ಣ ಕರುಳಿನ ತುಂಡು, ಲಿವರ್ ತುಂಡು, ಕಿಡ್ನಿಯ ಭಾಗ ತೆಗೆದು ಬಾಟಲಿಗೆ ಹಾಕಿ ಕಳಿಸುತ್ತಾರೆ. ವಿಸೆರಾ ಅನ್ನುವುದು ಇದಕ್ಕೇ. ಅದರ ಮೇಲೆ ಹಾಕುವುದು ಸಾಮಾನ್ಯವಾಗಿ ನಾವು ಅಡಿಗೆಗೆ ಬಳಸುವ ಉಪ್ಪಿನ ನೀರೇ, ಇನ್ನು ಕರಗಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರು. ಫಾರ್ಮಲಿನ್ ಹಾಕಬಾರದು. ಹಾಕಿದರೆ ಅಂಗಾಂಶ ಗಟ್ಟಿಯಾಗಿ ಅದರಿಂದ ವಿಷ ಬಿಡಿಸಿ ತೆಗೆಯುವುದು ಕಷ್ಟವಾಗುತ್ತದೆ. ಬಾಟಲಿಯ ಜೊತೆ ಆ ಉಪ್ಪಿನ ನೀರಿನದೇ ಇನ್ನೊಂದು ಚಿಕ್ಕ ಬಾಟಲಿ ಹೋಗುತ್ತದೆ. ವಿಷ ಆ ನೀರಿನಿಂದಲೇ ಬಂದದ್ದಲ್ಲ ಅಂತ ತೋರಿಸಲು ಅದು ಬೇಕು. ಬಾಟಲಿಗೆ ಹಾಕಿದ ಅರಗಿನ ಸೀಲಿನ ಮಾದರಿಯನ್ನು ಬೇರೆ ಕಾಗದದ ಮೇಲೆ ಒತ್ತಿ ಕಳಿಸಿರುತ್ತಾರೆ. ಲ್ಯಾಬಿನವರು ಮೊದಲು ಮಾಡುವ ಕೆಲಸ ಆ ಎರಡು ಸೀಲು ತಾಳೆ ಆಗುತ್ತವಾ ಅಂತ ನೋಡುವುದು. ಬಾಟಲಿ ತೆರೆಯುವುದು ಆಮೇಲೆ.

ಈಗ ಮುಖ್ಯ ಮಾತು. ಸ್ಯಾಂಪಲ್ ಎಷ್ಟು ಹೇಳುತ್ತದೋ ಅಷ್ಟೇ ಹೇಳುವುದು, ಅದಕ್ಕಿಂತ ಒಂದು ಮಾತೂ ಹೆಚ್ಚು ಹೇಳದಿರುವುದು, ಈ ಓದಿನಲ್ಲಿ ಕಲಿಯಬೇಕಾದದ್ದು ಇದು. ಟಿವಿ ಸೀರಿಯಲ್ ನೋಡಿ ಈ ಕಡೆ ಬರುವ ಹುಡುಗ ಹುಡುಗಿಯರಿಗೆ ಇದೇ ಕಷ್ಟವಾಗುತ್ತದೆ, ಅಪರಾಧಿಯನ್ನು ಹಿಡಿಯಬೇಕು ಅನ್ನುವ ಹುರುಪಿನಲ್ಲಿ ಬಂದಿರುತ್ತಾರಲ್ವಾ.

ಒಂದು ಪ್ರಾಕ್ಟಿಕಲ್ ಹೇಳುತ್ತೇನೆ. ಕಲೆ ರಕ್ತದ್ದಾ ಅಂತ ಮೊದಲು ನೋಡಲು ಕ್ಯಾಸಲ್ ಮೇಯರ್ ಟೆಸ್ಟ್ ಅಂತ ಇದೆ. ಕಂದು ಕಲೆಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ, ಫಿನಾಲ್ಫ್ತಲಿನ್‌ನಿಂದ ಮಾಡಿದ ಬಣ್ಣವಿಲ್ಲದ ದ್ರಾವಣ ಒಂದು ಹನಿ ಬಿಡುತ್ತೀರಿ. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ. ರಕ್ತ ಇದ್ದರೆ ತಕ್ಷಣ ಗುಲಾಬಿ ಬಣ್ಣ ಏಳುತ್ತದೆ, ಮೊದಲ ಸಲ ನೋಡಿದವರು ಕೂಗಿಯೇಬಿಡುತ್ತಾರೆ. ಆದರೆ ಪೆರಾಕ್ಸೈಡ್ ಹಾಕುವ ಮೊದಲೇ ಬಣ್ಣ ಬಂದರೆ ಅಲ್ಲಿ ಬೇರೆ ಯಾವುದೋ ರಾಸಾಯನಿಕ ಇದೆ. ಸುಮ್ನೆ ಇಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ರಕ್ತ ಇಲ್ಲದಿದ್ದರೂ ತಾನಾಗಿಯೇ ಗುಲಾಬಿ ಆಗುತ್ತದೆ. ಕೆಲವು ತರಕಾರಿಯ ರಸಕ್ಕೂ ಬಣ್ಣ ಬರಬಹುದು. ಹಾಗಾಗಿ ತಕ್ಷಣ ಗುಲಾಬಿ ಬಂದರೂ ನೀವು ಬರೆಯಬಹುದಾದದ್ದು "ರಕ್ತ ಇರಬಹುದು" ಅಂತ ಮಾತ್ರ. ಅದು ಮನುಷ್ಯರದ್ದಾ ಕುರಿಯದ್ದಾ ಅನ್ನುವುದಕ್ಕೆ ಬೇರೆ ಟೆಸ್ಟು, ಯಾರದ್ದು ಅನ್ನುವುದಕ್ಕೆ ಡಿಎನ್‌ಎ, ಅದು ಅಲ್ಲಿಗೆ ಹೇಗೆ ಬಂತು ಅನ್ನುವುದು ಕೋರ್ಟಿಗೆ ಬಿಟ್ಟದ್ದು.

ಬೆರಳಚ್ಚಿನ ಚರಿತ್ರೆಯಲ್ಲೂ ಇದೇ ಇದೆ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಆಗ ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿದೆ, ಆದರೆ ಅದರ ಹಿಂದೆ ಲೆಕ್ಕ ಹಾಕಿ ದುಡಿದವರು ಅವನ ಕೈಕೆಳಗಿನ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಅದೇ ವರ್ಷ ಜಲಪಾಯಿಗುರಿ ಜಿಲ್ಲೆಯಲ್ಲಿ ಚಹಾ ತೋಟದ ಮ್ಯಾನೇಜರ್ ಒಬ್ಬನ ಕೊಲೆಯಾಯಿತು. ಅಲ್ಲಿ ಸಿಕ್ಕ ಬಂಗಾಳಿ ಪಂಚಾಂಗದ ಮೇಲೆ ರಕ್ತದ ಹೆಬ್ಬೆರಳ ಗುರುತಿತ್ತು. ಮೊದಲು ಅವನ ಮನೆಯಲ್ಲಿದ್ದು, ಕಳ್ಳತನಕ್ಕೆ ಜೈಲಿಗೆ ಹೋಗಿ ಬಂದಿದ್ದ ಆಳಿನ ಬೆರಳಿಗೆ ಅದು ತಾಳೆಯಾಯಿತು. 1898ರಲ್ಲಿ ತೀರ್ಪು ಬಂದಾಗ ಅವನಿಗೆ ಶಿಕ್ಷೆ ಆದದ್ದು ಕಳ್ಳತನಕ್ಕೆ, ಕೊಲೆಯ ಆರೋಪದಿಂದ ಬಿಟ್ಟರು. ಬೆರಳು ಪಂಚಾಂಗ ಮುಟ್ಟಿದ್ದನ್ನು ಹೇಳಿತು, ಕತ್ತಿ ಹಿಡಿದದ್ದನ್ನು ಹೇಳಲಿಲ್ಲ. ಆ ತೀರ್ಪಿನ ಬಗ್ಗೆ ಕ್ಲಾಸಿನಲ್ಲಿ ಜಗಳವೇ ನಡೆಯುತ್ತದೆ, ನನಗಂತೂ ಅದು ಸರಿಯಾದ ತೀರ್ಪು ಅನ್ನಿಸುತ್ತದೆ.

ನಮ್ಮ ರಾಜ್ಯದ್ದೇ ಒಂದು ದೊಡ್ಡ ಕೇಸ್ ಇದೆ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ವಿಜ್ಞಾನದಿಂದ ಮಾಡಲು ಆಗುತ್ತದೆ ಅನ್ನುವುದು ಬೇರೆ, ಸಂವಿಧಾನ ಬಿಡುತ್ತದಾ ಅನ್ನುವುದು ಬೇರೆ. ಗಾಂಜಾ ಕೇಸುಗಳಲ್ಲೂ ನೋಡಿ. ಬೀದರ್, ಕಲಬುರಗಿ ಕಡೆ ಆಗಾಗ ಗಾಂಜಾ ಹಿಡಿದ ಸುದ್ದಿ ಪೇಪರಲ್ಲಿ ಇರುತ್ತದೆ. ಕಾನೂನಿನಲ್ಲಿ ಗಾಂಜಾ ಅಂದರೆ ಗಿಡದ ಹೂ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕೆ ಬರುವುದಿಲ್ಲ. ಒಂದು ಕಿಲೋ ತನಕ ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಶಿಕ್ಷೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ. ಬೇರು, ಕಾಂಡ, ಎಲೆ ಎಲ್ಲಾ ಸೇರಿಸಿ ತೂಗಿದರೆ ಒಬ್ಬ ಮನುಷ್ಯನ ಬದುಕೇ ಬೇರೆ ಆಗುತ್ತದೆ. ಇಲ್ಲಿ ಸಸ್ಯಶಾಸ್ತ್ರ ಓದಿದವರೂ ಬೇಕು, ಕಾನೂನಿನ ಆ ಸಾಲು ಓದಿದವರೂ ಬೇಕು.

ಅದಕ್ಕೇ ನನ್ನ ಸಲಹೆ, ಡಿಗ್ರಿಯಲ್ಲಿ ಕೆಮಿಸ್ಟ್ರಿ ಬಿಡಬೇಡಿ. ಕೆಮಿಸ್ಟ್ರಿ ಜೊತೆ ಬಾಟನಿಯೋ ಝೂವಾಲಜಿಯೋ ಯಾವುದಾದರೂ ಇರಲಿ. ಲ್ಯಾಬ್ ಹುದ್ದೆಗಳನ್ನು ಕರೆಯುವಾಗ ವಿಭಾಗಕ್ಕೆ ತಕ್ಕ ಹಾಗೆ ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್ ಅಂತ ವಿಷಯ ಕೇಳುವುದು ಮಾಮೂಲಿ. ಬಿ.ಎಸ್ಸಿ. ಫೊರೆನ್ಸಿಕ್ ಕೋರ್ಸಿಗೇ ಸೇರುತ್ತೀರಿ ಅಂದರೆ ಸೇರುವ ಮೊದಲು ಆ ಕಾಲೇಜಿನ ಲ್ಯಾಬ್ ಕಣ್ಣಾರೆ ನೋಡಿ. ಎರಡು ಸ್ಯಾಂಪಲ್ ಪಕ್ಕಪಕ್ಕ ಇಟ್ಟು ನೋಡುವ ಕಂಪ್ಯಾರಿಸನ್ ಮೈಕ್ರೋಸ್ಕೋಪ್ ಇದೆಯಾ, ಮಿಶ್ರಣದ ರಾಸಾಯನಿಕ ಬೇರೆ ಮಾಡಿ ತೋರಿಸುವ ಟಿಎಲ್‌ಸಿ ಪ್ಲೇಟು ನಿಮ್ಮ ಕೈಯಿಂದ ಓಡಿಸುತ್ತಾರಾ ಅಥವಾ ರೆಕಾರ್ಡ್ ಬುಕ್ಕಿನಲ್ಲಿ ಚಿತ್ರ ಬರೆಸಿ ಮುಗಿಸುತ್ತಾರಾ, ಪಾಠ ಮಾಡುವವರು ಯಾವ ವಿಷಯ ಓದಿದವರು, ಇದನ್ನೆಲ್ಲ ನಾಚಿಕೆ ಇಲ್ಲದೆ ಕೇಳಿ. ಗೋಡೆಯ ಮೇಲಿನ ದೊಡ್ಡ ಬೆರಳಚ್ಚಿನ ಪೋಸ್ಟರ್ ನೋಡಿ ಫೀ ಕಟ್ಟಬೇಡಿ.

ಇನ್ನೊಂದು ಕೆಲಸ ಇವತ್ತೇ ಶುರು ಮಾಡಬಹುದು, ದುಡ್ಡೂ ಬೇಡ. ಕಲಬುರಗಿಗೆ ಬಂದಾಗ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಸೆಷನ್ಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಅತ್ಯಾಚಾರ, ಪೋಕ್ಸೋದಂಥ ಕೇಸು ಬಾಗಿಲು ಹಾಕಿ ನಡೆಸುತ್ತಾರೆ, ಉಳಿದವು ಸಾಮಾನ್ಯವಾಗಿ ಯಾರು ಬೇಕಾದರೂ ಕೂತು ಕೇಳಬಹುದು. ಪಾಟೀ ಸವಾಲು ನಡೆಯುವಾಗ ಗಮನ ಕೊಟ್ಟು ಕೇಳಿ. ನಾನು ಒಮ್ಮೆ ಕೂತಿದ್ದ ಕೊಲೆ ಕೇಸಿನಲ್ಲಿ ಮುದ್ದೆಮಾಲು, ಅಂದರೆ ಸಾಕ್ಷಿಯಾಗಿ ಜಪ್ತಿ ಮಾಡಿದ ವಸ್ತು, ಒಂದು ಕುಡುಗೋಲು, ಬಿಳಿ ಬಟ್ಟೆಯಲ್ಲಿ ಹೊಲಿದು ಅರಗು ಹಾಕಿದ್ದರು. ಆರೋಪಿ ಪರ ವಕೀಲರು ರಕ್ತದ ಗುಂಪಿನ ಸುದ್ದಿಗೇ ಹೋಗಲಿಲ್ಲ. ಕುಡುಗೋಲು ಸಿಕ್ಕ ದಿನದಿಂದ ಲ್ಯಾಬಿಗೆ ಹೋದ ದಿನದ ತನಕ ಎಲ್ಲಿತ್ತು, ಯಾವ ರಿಜಿಸ್ಟರಿನಲ್ಲಿ ಬರೆದಿದ್ದೀರಿ, ಸೀಲಿನ ಮೇಲೆ ಯಾವ ಅಕ್ಷರ ಇತ್ತು, ಆಮೇಲೆ ಆ ಸೀಲನ್ನು ಯಾರಿಗೆ ಕೊಟ್ಟಿರಿ, ಬರೀ ಇದನ್ನೇ ಕೇಳಿದರು. ಆಮೇಲೆ ಬಂದ ಪಂಚ (ಜಪ್ತಿಯ ಪಂಚನಾಮೆಗೆ ಸಹಿ ಹಾಕಿದ ಸಾಕ್ಷಿ) "ನಾ ಸಹಿ ಮಾಡಿದ್ದು ಠಾಣ್ಯಾಗ ರೀ, ಹೊಲಕ್ಕ ಹೋಗಿಲ್ಲ" ಅಂದುಬಿಟ್ಟ. ಲ್ಯಾಬ್ ರಿಪೋರ್ಟ್ ಎಷ್ಟೇ ಚೊಕ್ಕವಾಗಿದ್ದರೂ ಆ ಮಾತಿನಿಂದ ಅದರ ಕಾಲು ಮುರಿದ ಹಾಗೆ. ಈ ಪಾಠ ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಸಿಗುವುದಿಲ್ಲ.

ನಮ್ಮ ಬಿಸಿಲಿನ ಬಗ್ಗೆಯೂ ಹೇಳಬೇಕು. ರಕ್ತ ಮೆತ್ತಿದ ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ಮೇ ತಿಂಗಳಲ್ಲಿ ಸುರಪುರದಿಂದ ಜೀಪಿನಲ್ಲಿ ಕಳಿಸಿದರೆ ಒಳಗೆ ಬೂಸ್ಟು ಹಿಡಿದು ಡಿಎನ್‌ಎ ಕೆಟ್ಟುಹೋಗುತ್ತದೆ. ನೆರಳಿನಲ್ಲಿ ಆರಿಸಿ ಕಾಗದದಲ್ಲಿ ಸುತ್ತಿ ಕಳಿಸಬೇಕು. ಇಷ್ಟು ಚಿಕ್ಕ ವಿಷಯ ಗೊತ್ತಿರುವ ಒಬ್ಬರು ಪ್ರತಿ ಠಾಣೆಯಲ್ಲೂ ಇದ್ದಿದ್ದರೆ ಎಷ್ಟೋ ಮನೆಯವರಿಗೆ ನ್ಯಾಯ ಸಿಗುತ್ತಿತ್ತು ಅಂತ ನಾನು ಮನಸಾರೆ ನಂಬಿದ್ದೇನೆ.

ಅಪ್ಪಾಜಿಯ ಪ್ರಶ್ನೆಗೆ ಬರುತ್ತೇನೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧದಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಲೇಬೇಕು. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿದ್ದಾರೆ. ನೀವು ಡಿಗ್ರಿ, ಪಿಜಿ ಮುಗಿಸಿ ಹೊರಬರುವ ಹೊತ್ತಿಗೆ ಆ ಗಡುವು ಬಂದಿರುತ್ತದೆ. ನಮ್ಮ ರಾಜ್ಯದ ಪೊಲೀಸ್ ಇಲಾಖೆ ಸೋಕೋ ಅಂತ, ಅಂದರೆ ಘಟನಾ ಸ್ಥಳದ ಅಧಿಕಾರಿಗಳನ್ನು ಬೇರೆಯಾಗಿ ತಗೊಂಡಿದೆ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ಎಫ್‌ಎಸ್‌ಎಲ್ (ಫೊರೆನ್ಸಿಕ್ ಲ್ಯಾಬ್) ಇದೆ, ಕಲಬುರಗಿಯಲ್ಲೇ ಪ್ರಾದೇಶಿಕ ಲ್ಯಾಬ್ ಇದೆ. ಕೇಂದ್ರದ ಲ್ಯಾಬ್ ಹೈದರಾಬಾದಿನಲ್ಲಿದೆ, ನಮಗೆ ಬೆಂಗಳೂರಿಗಿಂತ ಹತ್ತಿರ. ಡಿಜಿಟಲ್ ಕಡೆ ಆಸಕ್ತಿ ಇದ್ದರೆ ಬ್ಯಾಂಕು, ಖಾಸಗಿ ಕಂಪನಿಗಳಲ್ಲೂ ಕೆಲಸ ಇದೆ. ಈಗ ಮೊಬೈಲಿನ ಒಂದು ವಿಡಿಯೋ ಕೋರ್ಟಿಗೆ ಕೊಡಬೇಕಾದರೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್ ಬೇಕು, ಅದರಲ್ಲಿ ಹ್ಯಾಶ್ ವ್ಯಾಲ್ಯೂ (ಫೈಲು ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಬರೆಯಬೇಕು, ಒಂದು ಭಾಗಕ್ಕೆ ತಜ್ಞರ ಸಹಿ ಬೇಕು.

ಆದರೆ ಡಿಗ್ರಿ ಮುಗಿದ ಮರುದಿನವೇ ಆರ್ಡರ್ ಬರುತ್ತದೆ ಅಂತ ಅಪ್ಪಾಜಿಗೆ ಹೇಳಬೇಡಿ. ಸರ್ಕಾರಿ ಹುದ್ದೆ ಕರೆಯುವುದು ನಿಧಾನ, ಕರೆದರೂ ಸ್ಪರ್ಧೆ ಜಾಸ್ತಿ. ಕೆಮಿಸ್ಟ್ರಿ ಗಟ್ಟಿ ಇದ್ದರೆ ಆ ನಡುವಿನ ವರ್ಷಗಳಲ್ಲಿ ಔಷಧ ಕಂಪನಿ, ಆಹಾರ ಪರೀಕ್ಷೆಯ ಲ್ಯಾಬ್, ಪಾಠ ಮಾಡುವುದು ಏನಾದರೂ ಕೈ ಹಿಡಿಯುತ್ತದೆ. ಪಿಜಿ ಆದಮೇಲೆ ಕಾಲೇಜಿನಲ್ಲಿ ಪಾಠ ಮಾಡಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಫೊರೆನ್ಸಿಕ್ ಸೈನ್ಸ್ ಅಂತಲೇ ಒಂದು ವಿಷಯ ಇದೆ, ಅದನ್ನು ಬಿಡಬೇಡಿ.

ಊರು ಬಿಡುವ ವಿಷಯಕ್ಕೆ ಬಂದರೆ, ಡಿಗ್ರಿಗೆ ಬೇಡ, ಪಿಜಿಗೆ ಬಿಡಬೇಕಾಗಬಹುದು. ಧಾರವಾಡದಲ್ಲಿ ವಿಶ್ವವಿದ್ಯಾಲಯದ ವಿಭಾಗ ಇದೆ, ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನಗಳ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಇದೆ, ಎರಡನೆಯದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಮಂಗಳೂರಿನ ರೋಶನಿ ನಿಲಯ ಕಾಲೇಜಿನಲ್ಲೂ ಈ ವಿಷಯ ಇದೆ. ಮನೆಯಲ್ಲಿ ಉರ್ದು ಓದಲು ಬರುವವರಿದ್ದರೆ ಈ ನಡುವೆ ಅದನ್ನೂ ಕಲಿತುಕೊಳ್ಳಿ. ನಿಜಾಮರ ಕಾಲದ ಜಮೀನಿನ ಕಾಗದ ಉರ್ದುವಿನಲ್ಲಿವೆ, ಖೊಟ್ಟಿ ದಾಖಲೆಯ ವ್ಯಾಜ್ಯ ಬಂದಾಗ ಅದನ್ನು ಓದಬಲ್ಲವರು ಕಡಿಮೆ.

371(ಜೆ) ಸರ್ಟಿಫಿಕೇಟ್, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗೆ ಬೇಕಾದ ದಾಖಲೆ, ಮಾಡಿಸಿದ್ದೀರಾ? ಇಲ್ಲದಿದ್ದರೆ ಸಹಾಯಕ ಆಯುಕ್ತರ ಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ, ಅಡ್ಮಿಶನ್ ಸಮಯದಲ್ಲಿ ಅಲ್ಲಿ ಸಾಲು ನಿಲ್ಲಬೇಕಾಗುತ್ತದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನಮ್ಮವರಿಗೆ 70%, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8% ಸೀಟು ಅದರ ಮೇಲೆ ಸಿಗುತ್ತವೆ. ಧಾರವಾಡದ ಫೊರೆನ್ಸಿಕ್ ಕ್ಯಾಂಪಸ್ಸಿನಂಥ ಕೇಂದ್ರದ ವಿಶ್ವವಿದ್ಯಾಲಯಕ್ಕೆ ಅದು ನಡೆಯುವುದಿಲ್ಲ. ಯಾವ ಕಾಲೇಜು ಅಂತ ಆಯ್ಕೆ ಮಾಡಿಕೊಂಡ ಮೇಲೆ ಅದರ ಸಿಲೆಬಸ್ ಇಲ್ಲಿ ಹಾಕಿ ತಂಗಿ, ನೋಡಿ ಹೇಳುತ್ತೇನೆ.